‘ನನಗೆ ಗೊತ್ತಿಲ್ಲ’ ಎನ್ನುವ ಸ್ಟೋರ್‌ಕೀಪರ್

ಬೆಳಗಿನ ಆರೂಮುಕ್ಕಾಲು. ನವೆಂಬರಿನಲ್ಲಿ ಈ ಹೊತ್ತಿಗೆ ಚೀನಾದ ಲ್ಯೂಚೌ ನಗರಕ್ಕೆ ಇನ್ನೂ ಪೂರ್ತಿ ಬೆಳಕು ಹರಿದಿರುವುದಿಲ್ಲ. ವೃತ್ತಿ ಕಾಲೇಜಿನ ಗೇಟಿನಾಚೆ ಬಸವನಹುಳುವಿನ ಸಾರಿನ ನೂಡಲ್ಸ್ ಮಾರುವವರು ಒಲೆ ಹೊತ್ತಿಸಿದ್ದಾರೆ. ಹುಳಿ ಬಂದ ಕಳಲೆಯ ವಾಸನೆ ಮೂರನೇ ವರ್ಕ್‌ಶಾಪಿನ ತನಕ ಬರುತ್ತದೆ. ಆ ವರ್ಕ್‌ಶಾಪಿನ ಮೂಲೆಯ ಟೂಲ್ ಸ್ಟೋರಿನಲ್ಲಿ ವೇಯ್ ಫೆಂಗ್‌ಲಿಯಾನ್ ಒಬ್ಬರೇ ಕುಳಿತು ಅಳತೆಯ ಕ್ಯಾಲಿಪರ್‌ಗಳನ್ನು ಒರೆಸುತ್ತಿದ್ದಾರೆ. ಒಟ್ಟು ನಲವತ್ತಾರು. ಪ್ರತಿಯೊಂದರ ದವಡೆ ಮುಚ್ಚಿ, ಬೆಳಕಿಗೆ ಹಿಡಿದು, ಸಂದಿ ಕಾಣದಿದ್ದರೆ ಮಾತ್ರ ಪೆಟ್ಟಿಗೆಗೆ ಹಾಕುತ್ತಾರೆ.

ಏಳಕ್ಕೆ ಕಿಟಕಿ ತೆರೆಯುತ್ತದೆ. ಮೊದಲು ಬಂದವನು ಮೊದಲ ವರ್ಷದ ಒಬ್ಬ ವಿದ್ಯಾರ್ಥಿ. ಒಂದು ಕೈಯಲ್ಲಿ ಸೋಯಾ ಹಾಲಿನ ಲೋಟ, ಇನ್ನೊಂದು ಕೈಯಲ್ಲಿ ಬೆರಳುದ್ದದ ಉಕ್ಕಿನ ಮೊಳೆಯಂಥ ಭಾಗ. ಉಕ್ಕು ಕಡೆಯುವ ಲೇತ್ ಯಂತ್ರದಲ್ಲಿ ಕಂಬಿಯ ತುದಿಗೆ ಆನಿಸುವ ವಸ್ತು ಅದು.

“ಚಿಕ್ಕಮ್ಮ, ಇದರ ಡಬ್ಬಿ ಮೇಲೆ ‘ಡೆಡ್ ಸೆಂಟರ್’ ಅಂತ ಇದೆ. ಡೆಡ್ ಅಂದ್ರೆ ಸತ್ತಿದ್ದು ತಾನೇ? ಇದು ಯಾಕೆ ಸತ್ತಿದೆ?”

“ನನಗೆ ಗೊತ್ತಿಲ್ಲ. ನಿನಗೇನನ್ಸುತ್ತೆ?”

“ನನಗೇನು ಗೊತ್ತು.”

“ಸರಿ. ಹಾಲಾದ್ರೂ ಕುಡಿ, ಆರೋಗುತ್ತೆ.”

ಹುಡುಗ ಕಿಟಕಿಗೆ ಒರಗಿ ಹಾಲು ಹೀರುತ್ತಾನೆ. ಹಿಂದಿನವರು ತಳ್ಳುತ್ತಿದ್ದಾರೆ. ಅರ್ಧ ಲೋಟ ಮುಗಿಯುವಷ್ಟರಲ್ಲಿ ಅವನೇ ಬಾಯಿ ಬಿಡುತ್ತಾನೆ: “ಇದು ತಿರುಗಲ್ಲ. ಕಂಬಿ ತಿರುಗುತ್ತೆ, ಇದು ಸುಮ್ನೆ ನಿಂತಿರುತ್ತೆ. ಅದಕ್ಕೇ ಸತ್ತಿದೆ ಅಂತಾರೇನೋ.”

“ಹಂಗಾದ್ರೆ ತಿರುಗೋದೂ ಒಂದಿದೆಯಲ್ಲ, ಅದಕ್ಕೇನಂತಾರೆ?”

ಅವನು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಲೇತುಗಳ ಕಡೆ ಓಡುತ್ತಾನೆ. ಎರಡು ನಿಮಿಷದಲ್ಲಿ ಅಲ್ಲಿಂದಲೇ ಕೂಗು ಬರುತ್ತದೆ: “ಲೈವ್ ಸೆಂಟರ್! ಇದು ಬದುಕಿದೆ, ಚಿಕ್ಕಮ್ಮ!”

ವೇಯ್ ಆ ಕಡೆ ನೋಡುವುದೂ ಇಲ್ಲ. ಮುಂದಿನವನಿಗೆ ಸ್ಪ್ಯಾನರ್ ಕೊಟ್ಟು, ಅದು ವಾಪಸು ಬರುವ ತನಕ ಗುರುತಿಗೆ ಅವನ ಹಿತ್ತಾಳೆ ಬಿಲ್ಲೆಯನ್ನು ಮೊಳೆಗೆ ತಗುಲಿಸುತ್ತಾರೆ.

ಐವತ್ತೊಂದು ವರ್ಷದ ಈ ಹೆಂಗಸು ಟೀಚರ್ ಅಲ್ಲ. ಕಾಲೇಜಿನ ಸಿಬ್ಬಂದಿ ಪಟ್ಟಿಯಲ್ಲಿ ಅವರ ಹೆಸರು ಕೊನೆಯ ಪುಟದಲ್ಲಿ, ಕಾವಲುಗಾರರ ಮತ್ತು ತೋಟದವರ ನಡುವೆ ಇದೆ. ಬೆಳಗ್ಗೆ ಏಳರಿಂದ ಸಂಜೆ ಐದೂವರೆಯವರೆಗೆ ನೂರ ಅರವತ್ತೆಂಟು ವಿದ್ಯಾರ್ಥಿಗಳಿಗೆ ಸಾಮಾನು ಕೊಡುವುದು, ವಾಪಸು ಪಡೆಯುವುದು, ಮೊಂಡಾದ ಅರಗಳನ್ನು ಬೇರೆ ಇಡುವುದು ಅವರ ಕೆಲಸ. ಇಂಗ್ಲಿಷ್ ತರಗತಿಯಲ್ಲಿ ಅವರು ಒಂದು ದಿನವೂ ಕುಳಿತವರಲ್ಲ. ಆದರೂ ಈ ವರ್ಕ್‌ಶಾಪಿನಲ್ಲಿ ಯಾರೂ ಹೇಳದೆಯೇ ಇಂಗ್ಲಿಷ್ ಕಲಿತವರಿದ್ದರೆ ಅದರ ಜಾಡು ಈ ಕಿಟಕಿಗೆ ಬಂದು ಮುಟ್ಟುತ್ತದೆ.

ವೇಯ್ ಹುಟ್ಟಿದ್ದು ಶಿನ್‌ಚೆಂಗ್ ಕಡೆಯ ಗುಡ್ಡದ ಹಳ್ಳಿಯಲ್ಲಿ. ಮನೆಯಲ್ಲಿ ಆ ಕಡೆಯ ಜುವಾಂಗ್ ಜನರ ಮಾತು. ಎಂಟನೇ ವಯಸ್ಸಿಗೆ ಶಾಲೆಯಲ್ಲಿ ಮ್ಯಾಂಡರಿನ್ ಕಲಿತರು. “ಮೇಷ್ಟ್ರು ಏನಂತಾರೋ ಮೊದಲ ವರ್ಷ ಪೂರ್ತಿ ತಿಳೀಲಿಲ್ಲ. ಪಕ್ಕದೋಳು ನಕ್ಕರೆ ನಾನೂ ನಗ್ತಿದ್ದೆ” ಎನ್ನುತ್ತಾರೆ. ಒಂಬತ್ತನೇ ತರಗತಿಗೆ ಓದು ನಿಂತಿತು. ಇಪ್ಪತ್ತಕ್ಕೆ ನದಿಯಾಚೆಯ ಬೇರಿಂಗ್ ಕಾರ್ಖಾನೆ ಸೇರಿ, ಹನ್ನೊಂದು ವರ್ಷ ಅಲ್ಲಿ ಗ್ರೈಂಡಿಂಗ್ ಮೆಷೀನ್ ನಡೆಸಿದರು. ಆ ಕಾರ್ಖಾನೆ ಈಗಿಲ್ಲ.

ಅವರ ಎಡಗೈಯ ಎರಡು ಬೆರಳು ನಡುಗಿಣ್ಣಿನವರೆಗೆ ಮಾತ್ರ ಇವೆ. ಆ ಸಂಗತಿಯನ್ನು ಅವರು ತೀರಾ ಸಾದಾ ದನಿಯಲ್ಲಿ ಹೇಳುತ್ತಾರೆ. ಹೊರದೇಶದಿಂದ ಬಂದ ಹೊಸ ಮೆಷೀನು. ಅದರ ಬಾಗಿಲ ಮೇಲೆ ಹಳದಿ ಚೀಟಿ, ಚೀಟಿಯ ಮೇಲೆ ಇಂಗ್ಲಿಷಿನ ಒಂದು ಸಾಲು. ಕೆಲಸಗಾರರೆಲ್ಲ ಅದಕ್ಕೆ ‘ಇರುವೆ ಸಾಲು’ ಎನ್ನುತ್ತಿದ್ದರು. ಎರಡು ವರ್ಷ ವೇಯ್ ದಿನಾ ಅದನ್ನು ನೋಡಿಕೊಂಡೇ ಕೆಲಸ ಮಾಡಿದರು. ಒಂದು ದಿನ ಪಾಳಿ ಮುಗಿಯುವ ಆತುರದಲ್ಲಿ ಬಾಗಿಲು ತೆರೆದು ಕೈ ಹಾಕಿದರು. ಒಳಗೆ ಉಕ್ಕು ಉಜ್ಜುವ ಕಲ್ಲು ಇನ್ನೂ ತಿರುಗುತ್ತಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಅವರು ಮೊದಲು ಮಾಡಿದ ಕೆಲಸ ಆ ಸಾಲನ್ನು ಸಿಗರೇಟು ಪೊಟ್ಟಣದ ಹಿಂದೆ ಚಿತ್ರ ಬರೆದಂತೆ ನಕಲು ಮಾಡಿಕೊಂಡದ್ದು. ಗಾಯಕ್ಕೆ ಪಟ್ಟಿ ಬದಲಿಸುತ್ತಿದ್ದ ನರ್ಸಿಗೆ ಅದನ್ನು ತೋರಿಸಿದರು. ಆಕೆ ಓದಿ ಹೇಳಿದಳು: ‘ಡು ನಾಟ್ ಓಪನ್ ಅಂಟಿಲ್ ದ ಸ್ಪಿಂಡಲ್ ಸ್ಟಾಪ್ಸ್.’ ತಿರುಗುವುದು ನಿಲ್ಲುವ ತನಕ ಬಾಗಿಲು ತೆರೆಯಬೇಡಿ.

“ಏಳು ಪದ” ಎನ್ನುತ್ತಾರೆ ವೇಯ್. “ನಾನು ನೋವಿಗೆ ಅಳಲಿಲ್ಲ. ಇಷ್ಟೇನಾ ಅಂತ ಅತ್ತೆ.”

ಅಂದಿನಿಂದ ಅವರು ಮೆಷೀನುಗಳ ಮೇಲಿನ ಚೀಟಿಗಳನ್ನು ಬರೆದಿಟ್ಟುಕೊಳ್ಳತೊಡಗಿದರು. ಅವರನ್ನು ಕಾರ್ಖಾನೆಯ ಸ್ಟೋರಿಗೆ ಹಾಕಿದರು, ಅಲ್ಲಿಯೂ ಅವರು ಬರೆದರು. ಹಳೇ ನಿಘಂಟೊಂದು ಸಿಕ್ಕಿತು. ಅಕ್ಷರಮಾಲೆಯ ಕ್ರಮ ಗೊತ್ತಿಲ್ಲದ ಕಾರಣ ಒಂದು ಪದ ಹುಡುಕಲು ಒಂದು ಸಂಜೆ ಹಿಡಿಯುತ್ತಿತ್ತು. ಮಗ ಈಗಲೂ ತಮಾಷೆ ಮಾಡುತ್ತಾನಂತೆ: “ನಮ್ಮಮ್ಮಂಗೆ ಇಂಗ್ಲಿಷಲ್ಲಿ ‘ಹೇಗಿದ್ದೀರಾ’ ಅನ್ನೋಕೆ ಬರಲ್ಲ. ‘ಕೈ ಹಾಕಬೇಡಿ’ ಅನ್ನೋದು ಮಾತ್ರ ಇಪ್ಪತ್ತು ಥರ ಬರುತ್ತೆ.”

ಮೂವತ್ತೆಂಟನೇ ವಯಸ್ಸಿಗೆ ಅವರು ಈ ಕಾಲೇಜಿಗೆ ಬಂದರು. ಇಲ್ಲಿಗೆ ಬರುವ ವಿದ್ಯಾರ್ಥಿಗಳು ದೊಡ್ಡ ಪ್ರವೇಶ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು. ಆ ವಿದ್ಯಾರ್ಥಿಗಳ ಮಾತಿನಲ್ಲೇ ಹೇಳುವುದಾದರೆ ‘ಜರಡಿ ಹಿಡಿದ ಮೇಲೆ ಉಳಿದ ತೌಡು’. ಇಂಗ್ಲಿಷಿನಲ್ಲಿ ನೂರೈವತ್ತಕ್ಕೆ ಮೂವತ್ತೆಂಟು ಬಂದರೆ ಬೆನ್ನು ತಟ್ಟಿಕೊಳ್ಳುವವರು. ಇಂಗ್ಲಿಷ್ ಅವರ ಪಾಲಿಗೆ ಕಬ್ಬಿಣದ ಕಡಲೆ, ಅದೂ ದಿನವಿಡೀ ಕಬ್ಬಿಣವನ್ನೇ ಕೊರೆಯುವವರಿಗೆ. ಇಂಗ್ಲಿಷ್ ಟೀಚರ್ ಸು ವೆನ್ ಇದನ್ನು ಮುಚ್ಚಿಡುವುದಿಲ್ಲ: “ನೀವೇ ಓದ್ಕೊಳ್ಳಿ, ಸ್ವಂತ ಓದೋ ರೂಢಿ ಮಾಡ್ಕೊಳ್ಳಿ ಅಂತ ವರ್ಷಕ್ಕೆ ನೂರು ಸಲ ಹೇಳ್ತೀನಿ. ಗೋರ್ಕಲ್ಲ ಮೇಲೆ ಮಳೆ.”

ಆರು ವರ್ಷದ ಹಿಂದಿನ ಸೆಪ್ಟೆಂಬರಿನಲ್ಲಿ ವೇಯ್ ತಮಗೆ ತಾವೇ ಒಂದು ಕಾನೂನು ಮಾಡಿಕೊಂಡರು. ಕಿಟಕಿಗೆ ಬಂದವರು ಸಾಮಾನಿನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಬೇಕು, ಇಲ್ಲದಿದ್ದರೆ ಸಾಮಾನಿಲ್ಲ. ಕಾನೂನು ಒಂಬತ್ತು ದಿನ ನಡೆಯಿತು.

ಅದನ್ನು ಮುರಿದವನು ಮೋ ಟಿಂಗ್‌ಚುನ್. ಆಗ ಮೊದಲ ವರ್ಷದಲ್ಲಿದ್ದ. ಈಗ ಮಣ್ಣು ಎತ್ತುವ ಲೋಡರ್ ವಾಹನ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಗೇಟಿನ ಎದುರಿನ ನೂಡಲ್ಸ್ ಅಂಗಡಿಯಲ್ಲಿ ಕುಳಿತು ಅವನು ಆ ಕಥೆ ಹೇಳುತ್ತಾನೆ. “ನಮ್ಮ ಕ್ಲಾಸಲ್ಲಿ ಒಬ್ಬನಿಗೆ ಹೆಸರೆಲ್ಲ ಬರ್ತಿತ್ತು. ಅವನನ್ನೇ ಕಳಿಸಿದೆ. ಅವನು ಹೋಗಿ ನಲವತ್ತೆಂಟು ಜನರ ಸಾಮಾನೂ ಒಟ್ಟಿಗೆ ಕೇಳಿದ. ಚಿಕ್ಕಮ್ಮ ಕೊಡಲೇಬೇಕಾಯ್ತು, ಅವರೇ ಮಾಡಿದ ಕಾನೂನು! ನಾವು ಹಿಂದೆ ನಿಂತು ಚಪ್ಪಾಳೆ ತಟ್ಟಿದ್ವಿ.” ಆ ಗಲಾಟೆಯಲ್ಲಿ ಪಾಠ ಅರ್ಧ ಗಂಟೆ ತಡವಾಯಿತು. ವಿಭಾಗದ ಮುಖ್ಯಸ್ಥ ಲಿಯಾವ್ ಗುವಾಂಗ್‌ಷೆಂಗ್, ವೇಯ್ ಅವರನ್ನು ಕರೆಸಿ, “ವೇಯ್ ಅಕ್ಕ, ನಿಮ್ಮ ಕೆಲಸ ಸ್ಪ್ಯಾನರ್ ಕೊಡೋದು. ಅಷ್ಟು ಮಾಡಿದ್ರೆ ಸಾಕು” ಎಂದರು.

ಚಳಿಗಾಲವೆಲ್ಲ ಅವರು ಅಷ್ಟೇ ಮಾಡಿದರು. ವಸಂತದ ಹಬ್ಬ ಮುಗಿದು ಕಾಲೇಜು ತೆರೆದಾಗ ಹೊಸ ಡ್ರಿಲ್ ಬಿಟ್‌ಗಳ ಪೆಟ್ಟಿಗೆ ಬಂತು. ಅದರ ಮೇಲಿನ ಸಾಲು ಅವರಿಗೆ ಅರ್ಥವಾಗಲಿಲ್ಲ, ನಿಘಂಟಿನಲ್ಲಿಯೂ ಬಗೆಹರಿಯಲಿಲ್ಲ. ಅದನ್ನು ಯಾವ ಕಪಾಟಿಗೆ ಇಡಬೇಕೆಂಬುದೇ ಗೊತ್ತಾಗದೆ, ಒಂದು ಹಳೆಯ ಕರಿಹಲಗೆಯ ಮೇಲೆ ಆ ಸಾಲನ್ನು ಬರೆದು ಕಿಟಕಿಯ ಪಕ್ಕ ತೂಗುಹಾಕಿದರು. ಕೆಳಗೆ ಚೀನೀ ಭಾಷೆಯಲ್ಲಿ: ‘ನನಗೆ ಗೊತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ. — ಸ್ಟೋರಿನ ವೇಯ್.’

“ಪಾಠ ಮಾಡೋ ಉದ್ದೇಶ ನನಗಿರಲಿಲ್ಲ” ಎನ್ನುತ್ತಾರೆ. “ನಿಜವಾಗ್ಲೂ ಗೊತ್ತಿರಲಿಲ್ಲ.”

 ಮೂರನೆಯ ದಿನ ಮೂರು ಜನ ಮೂರು ಉತ್ತರ ತಂದರು. ಮೂರೂ ಬೇರೆ ಬೇರೆ. ಕಿಟಕಿಯ ಮುಂದೆಯೇ ಜಗಳ ಹತ್ತಿತು. ಮರುದಿನ ಅವರಲ್ಲೊಬ್ಬ ಲೈಬ್ರರಿಯಿಂದ ದಪ್ಪ ನಿಘಂಟು ಹೊತ್ತು ತಂದ. ತರಗತಿಯಲ್ಲಿ ತಲೆ ಎತ್ತದವರು ಇಲ್ಲಿ ಯಾಕೆ ಕಾದಾಡುತ್ತಾರೆ ಎಂದು ಸು ವೆನ್ ಬಂದು ನೋಡಿದರು. “ವೇಯ್ ಅಕ್ಕನ ಉಚ್ಚಾರ ಕೇಳಿದ್ರೆ ಈಗ್ಲೂ ನನ್ನ ಹಲ್ಲು ಜುಂ ಅನ್ನುತ್ತೆ. ಆದ್ರೆ ಅವರು ಯಾರಿಗೂ ಓದು ಅಂತ ಹೇಳಲ್ಲ. ‘ನನಗೆ ಸಹಾಯ ಮಾಡು’ ಅಂತಾರೆ. ಈ ಹುಡುಗರನ್ನ ಹಂಗೆ ಕೇಳಿದವರು ಯಾರಿದ್ರು?”

ಮೊಬೈಲ್ ಇದೆಯಲ್ಲ ಎಂದು ಕೇಳಬಹುದು. ವರ್ಕ್‌ಶಾಪಿನೊಳಗೆ ಮೊಬೈಲ್ ತರುವಂತಿಲ್ಲ. ಬಾಗಿಲ ಬಳಿಯ ಬಟ್ಟೆಯ ಜೇಬುಗಳಲ್ಲಿ ಎಲ್ಲವೂ ನೇತಾಡುತ್ತಿರುತ್ತವೆ. ಹೊರಗೆ ನೋಡಿ ಬಂದು ಹೇಳುವವರೂ ಇದ್ದರು. ಒಮ್ಮೆ ಒಬ್ಬ ಗಂಭೀರವಾಗಿ ಬಂದು, “ಚಿಕ್ಕಮ್ಮ, ‘ಲೇತ್ ಡಾಗ್’ ಅಂದ್ರೆ ಲೇತಿನ ನಾಯಿ” ಎಂದ.

“ಹೌದಾ? ಸ್ಟೋರಲ್ಲಿರೋದೆಲ್ಲ ನನ್ನ ಲೆಕ್ಕಕ್ಕೇ ಬರುತ್ತೆ. ಇಷ್ಟು ದಿನ ಅದಕ್ಕೆ ಅನ್ನ ಹಾಕ್ದೋರ್ಯಾರು?”

ಕಂಬಿಯನ್ನು ಕಚ್ಚಿ ಹಿಡಿದು ತಿರುಗಿಸುವ ಕೊಂಡಿಗೆ ಆ ಹೆಸರೆಂದು ಅವನಿಗೆ ತಿಳಿದದ್ದು ನಾಲ್ಕು ದಿನದ ಮೇಲೆ, ಲೇತಿನ ಮುಂದೆ ನಿಂತಾಗ. ಹಲ್ಲು ಕಚ್ಚುವ ರೀತಿ ನೋಡಿ ತಾನೇ ಊಹಿಸಿದೆ ಎಂದು ಅವನು ಈಗಲೂ ಹೇಳಿಕೊಂಡು ತಿರುಗುತ್ತಾನೆ.

ಹಲಗೆ ತೂಗುಹಾಕಿದ ವರ್ಷದ ಶರತ್ಕಾಲದಲ್ಲಿ ಒಂದು ಕಾರ್ಖಾನೆ ಹಳೆಯ ಗ್ರೈಂಡಿಂಗ್ ಮೆಷೀನೊಂದನ್ನು ಕಾಲೇಜಿಗೆ ದಾನ ಕೊಟ್ಟಿತು. ಎರಡು ವಾರ ಓಡಿ ನಿಂತುಬಿಟ್ಟಿತು. ಕೆಂಪು ದೀಪ, ಪರದೆಯ ಮೇಲೆ ಇಂಗ್ಲಿಷಿನ ಚಿಕ್ಕ ಸಾಲು. ಕೆಟ್ಟಿದೆಯೆಂದು ತೀರ್ಮಾನಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಶಾಂಘೈಯಿಂದ ಮೆಕ್ಯಾನಿಕ್ ಬರಲೆಂದು ಕಾದರು. ವೇಯ್ ಆ ಸಾಲನ್ನು ಹಲಗೆಗೆ ಏರಿಸಿದರು: ‘ಲ್ಯೂಬ್ ಲೋ. ಫಿಲ್ ಅಂಡ್ ರಿಸೆಟ್.’

ಮೋ ಇದ್ದ ನಲವತ್ತೆಂಟು ಜನರ ತರಗತಿಯಲ್ಲಿ ಹುಡುಗಿಯರು ಮೂವರೇ. ಅವರಲ್ಲೊಬ್ಬಳು ಸಾನ್‌ಜಿಯಾಂಗ್ ಕಡೆಯ ಪಾನ್ ಯೂಲಾನ್. ಅವಳು ಫೋನಿನಲ್ಲಿ ಮಾತಿಗೆ ಸಿಗುತ್ತಾಳೆ. “ಲೋ, ಫಿಲ್ ಎರಡೂ ಗೊತ್ತಿತ್ತು. ಲ್ಯೂಬ್ ಅನ್ನೋ ಪದ ಮೂರು ನಿಘಂಟಲ್ಲೂ ಇರಲಿಲ್ಲ. ಅದಿರಬೇಕಾದ ಜಾಗದಲ್ಲಿ ಅದೇ ಅಕ್ಷರಗಳಿಂದ ಶುರುವಾಗೋ ಒಂದು ಉದ್ದದ ಪದ ಇತ್ತು, ಎಣ್ಣೆ ಹಾಕೋದು ಅಂತ ಅರ್ಥ. ನಾವೂ ಮಾತಾಡುವಾಗ ಉದ್ದದ ಹೆಸರನ್ನ ಕತ್ತರಿಸ್ತೀವಲ್ಲ, ಅವರೂ ವರ್ಕ್‌ಶಾಪಲ್ಲಿ ಹಂಗೇ ಕತ್ತರಿಸಿರ್ಬೇಕು ಅಂದ್ಕೊಂಡೆ. ಚಿಕ್ಕಮ್ಮನ ಹತ್ರ ಹೋಗಿ, ಅದು ಕೆಟ್ಟಿಲ್ಲ ಅನ್ಸುತ್ತೆ, ಅದಕ್ಕೆ ಹಸಿವು ಅಂದೆ.”

ವೇಯ್ ಅವಳನ್ನು ಕರೆದುಕೊಂಡು ಲಿಯಾವ್ ಅವರ ಕೋಣೆಗೆ ಹೋದರು. ಲಿಯಾವ್ ಇಬ್ಬರನ್ನೂ ನೋಡಿ, ನಗದೆ, ಬೋಧಕರೊಬ್ಬರನ್ನು ಕಳಿಸಿದರು. ಮೆಷೀನಿನ ಹಿಂದಿನ ತೊಟ್ಟಿ ಒಣಗಿತ್ತು. ಎರಡು ಲೀಟರ್ ಎಣ್ಣೆ ಹೊಯ್ದು ಗುಂಡಿ ಒತ್ತಿದಾಗ ಕೆಂಪು ದೀಪ ಆರಿತು. ಅಷ್ಟರಲ್ಲಿ ಅದು ಇಪ್ಪತ್ಮೂರು ದಿನ ಪ್ಲಾಸ್ಟಿಕ್ ಹೊದ್ದು ಮಲಗಿತ್ತು. ಪಾನ್ ಯೂಲಾನ್ ಆ ಸಂಜೆ ಊರಿಗೆ ಫೋನ್ ಮಾಡಿ ಅಮ್ಮನಿಗೆ ವಿಷಯ ಹೇಳಿದಳು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಎಣ್ಣೆ ಖಾಲಿಯಾಗಿದೆ ಅಂತ ತಿಳ್ಕೊಳ್ಳೋಕೂ ಕಾಲೇಜು ಬೇಕಾ?”

ತೊಂದರೆ ಶುರುವಾದದ್ದು ಆಮೇಲೆ, ಒಳ್ಳೆಯ ಉದ್ದೇಶದಿಂದಲೇ. ಹಲಗೆಯ ಸುದ್ದಿ ಮೇಲಿನವರ ಕಿವಿಗೆ ಬಿತ್ತು. ಮುಂದಿನ ಟರ್ಮಿನಿಂದ ಲಿಯಾವ್ ಅದಕ್ಕೊಂದು ಪದ್ಧತಿ ತಂದರು. ದಿನಕ್ಕೊಂದು ಸಾಲು, ಪ್ರತಿಯೊಬ್ಬರೂ ಉತ್ತರ ಬರೆದು ಕೊಡಬೇಕು, ವೇಯ್ ಸಹಿ ಹಾಕಬೇಕು, ಟರ್ಮಿಗೆ ಹತ್ತು ಅಂಕ. ಗೋಡೆಗೆ ಕೆಂಪು ಬ್ಯಾನರ್ ಬಂತು: ‘ಸ್ವಂತ ಕಲಿಕೆ, ಪ್ರತಿಯೊಬ್ಬರ ಕರ್ತವ್ಯ.’

ಮೂರು ವಾರದಲ್ಲಿ ಕಿಟಕಿಯ ಮುಂದೆ ಜಗಳ ನಿಂತಿತು. ದಿನವೂ ನೂರ ಅರವತ್ತೆಂಟು ಚೀಟಿ ಬರುತ್ತಿದ್ದವು. ಒಂದು ದಿನ ಅವುಗಳಲ್ಲಿ ನಲವತ್ತೊಂದರಲ್ಲಿ ಒಂದೇ ಪದ ಒಂದೇ ರೀತಿ ತಪ್ಪಾಗಿತ್ತು. ಒಬ್ಬ ಬರೆದದ್ದು ಮೊಬೈಲ್ ಗ್ರೂಪಿನಲ್ಲಿ ಹರಿದಾಡಿತ್ತು. ವೇಯ್ ಚೀಟಿಗಳ ಕಂತೆ ಹಿಡಿದು ಲಿಯಾವ್ ಬಳಿ ಹೋದರು. ಆಗ ನಡೆದ ಮಾತನ್ನು ಇಬ್ಬರೂ ಹೆಚ್ಚುಕಡಿಮೆ ಒಂದೇ ಥರ ನೆನಪಿಸಿಕೊಳ್ಳುತ್ತಾರೆ.

“ಸರ್, ಇದನ್ನ ನಿಲ್ಲಿಸಿ.”

“ವರದಿ ಮೇಲಕ್ಕೆ ಹೋಗಿದೆ, ಅಕ್ಕ. ಮುಂದಿನ ತಿಂಗಳು ನೋಡೋಕೆ ಬರ್ತಾರೆ.”

“ಏನು ನೋಡ್ತಾರೆ? ಮೊದಲು ಮೂವತ್ತು ಜನ ನನಗೋಸ್ಕರ ಓದ್ತಿದ್ರು. ಈಗ ಒಬ್ಬನೂ ಓದ್ತಿಲ್ಲ, ಎಲ್ಲರೂ ಬರೀತಿದ್ದಾರೆ.”

“ಎಲ್ಲರೂ ಬರೀತಿದ್ದಾರಲ್ಲ, ಅದೇ ಬೇಕಾಗಿದ್ದು.”

ಮರುದಿನ ಬೆಳಗ್ಗೆ ಹಲಗೆ ಗೋಡೆಯ ಮೇಲಿರಲಿಲ್ಲ. ವೇಯ್ ಅದನ್ನು ಒಳಗೆ ತಂದು, ಬರಹದ ಮುಖವನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದರು. ಕಾರಣ ಕೇಳಿ ನೋಟಿಸು ಬಂತು. ಅವರ ಕೆಲಸದ ಕರಾರು ಜುಲೈಗೆ ಮುಗಿಯುವುದಿತ್ತು. ಮುಂದುವರಿಸುವುದು ಬಿಡುವುದು ಲಿಯಾವ್ ಸಹಿಯ ಮೇಲೆ. ನೋಟಿಸಿಗೆ ಅವರು ಬರೆದ ಉತ್ತರ ಒಂದೇ ಸಾಲಿನದು: ‘ಆ ಹಲಗೆ ಸ್ಟೋರಿನ ಸಾಮಾನು, ಸದ್ಯಕ್ಕೆ ಯಾರಿಗೂ ಕೊಡುತ್ತಿಲ್ಲ.’

ನಿಮಗೆ ಹೆದರಿಕೆಯಾಗಲಿಲ್ಲವೇ ಎಂದು ಕೇಳಿದರೆ ಅವರು ಎಡಗೈ ಎತ್ತಿ ತೋರಿಸುತ್ತಾರೆ. “ಆಯ್ತು. ಈ ಕೈ ನೋಡಿ ಬೇರೆ ಯಾರು ಕೆಲಸ ಕೊಡ್ತಾರೆ? ರಾತ್ರಿ ಊಟ ಸೇರ್ತಿರಲಿಲ್ಲ. ಆದ್ರೆ ಹೆದರಿಕೆ ಆಯ್ತು ಅಂತ ಹಲಗೆ ವಾಪಸ್ ನೇತುಹಾಕಿದ್ರೆ, ಆ ಮಕ್ಕಳ ಕಣ್ಣಲ್ಲಿ ಇದೂ ಒಂದು ಪರೀಕ್ಷೆ ಆಗ್ಬಿಡುತ್ತೆ. ಪರೀಕ್ಷೆಗಳಿಂದ ಏಟು ತಿಂದೇ ಬಂದೋರು ಅವರು.”

ಐದು ವಾರ ಕಿಟಕಿಯ ಪಕ್ಕದ ಗೋಡೆ ಬರಿದಾಗಿತ್ತು. ನೋಡಲು ಬರಬೇಕಿದ್ದವರು ಬೇರೆ ಕಾಲೇಜಿಗೆ ಹೋದರು. ಬ್ಯಾನರ್ ಮಳೆಗಾಳಿಗೆ ಒಂದು ತುದಿಯಿಂದ ಕಳಚಿ ನೇತಾಡುತ್ತಿತ್ತು. ಆರನೆಯ ವಾರದ ಒಂದು ಬೆಳಗ್ಗೆ ಮೋ ಟಿಂಗ್‌ಚುನ್ ಕಿಟಕಿಗೆ ಬಂದ. ಹಿಂದೆ ಚಪ್ಪಾಳೆ ತಟ್ಟಿಸಿದ್ದವನೇ. ಮೆಷೀನಿಗೆ ಹಾಕುವ ತಂಪು ದ್ರವದ ಹೊಸ ಡ್ರಮ್ಮಿನಿಂದ ಕಿತ್ತ ಚೀಟಿ ಅವನ ಕೈಯಲ್ಲಿತ್ತು.

“ಚಿಕ್ಕಮ್ಮ, ಇದನ್ನ ಮೂರು ದಿನದಿಂದ ನೋಡ್ತಿದೀನಿ. ಅರ್ಧ ಗೊತ್ತಾಯ್ತು. ಇನ್ನರ್ಧ ಗೊತ್ತಾಗ್ತಿಲ್ಲ.”

“ಅಂಕ ಇಲ್ಲಪ್ಪ ಈಗ.”

“ಅಂಕ ಯಾರಿಗೆ ಬೇಕಾಗಿತ್ತು? ನಿಮಗೆ ಗೊತ್ತಾ, ಹೇಳಿ.”

“ನನಗೂ ಗೊತ್ತಿಲ್ಲ.”

“ಮತ್ತೆ ಆ ಹಲಗೆ ಕೊಡಿ. ಯಾರಿಗಾದ್ರೂ ಗೊತ್ತಿರುತ್ತೆ.”

ವೇಯ್ ಹಲಗೆ ಕೊಟ್ಟರು. ಸಾಮಾನು ಕೊಟ್ಟಾಗ ಮಾಡುವಂತೆ ಅವನ ಬಿಲ್ಲೆಯನ್ನೂ ಇಸಿದುಕೊಂಡರು. ಮೋ ತನ್ನ ಕೈಯಿಂದಲೇ ಆ ಸಾಲು ಬರೆದು ಕೆಳಗೆ ಸೇರಿಸಿದ: ‘ನನಗೆ ಗೊತ್ತಿಲ್ಲ.’ ಮೊದಲ ಬಾರಿಗೆ ಆ ಮಾತಿನ ಮುಂದೆ ಒಬ್ಬ ವಿದ್ಯಾರ್ಥಿಯ ಹೆಸರಿತ್ತು. “ಬರೆಯುವಾಗ ಮುಖ ಬಿಸಿ ಆಯ್ತು” ಎನ್ನುತ್ತಾನೆ ಅವನು, ನೂಡಲ್ಸಿನ ಬಟ್ಟಲಿನತ್ತ ನೋಡುತ್ತ. “ಸ್ಕೂಲಲ್ಲಿ ಆ ಮಾತು ಹೇಳಿದ್ರೆ ಬೆಂಚ್ ಮೇಲೆ ನಿಲ್ಲಿಸ್ತಿದ್ರು.” ಆ ಚೀಟಿಯ ಇನ್ನರ್ಧ ಹೇಳುತ್ತಿದ್ದದ್ದು ಇಷ್ಟು: ಮಳೆನೀರಿನ ಚರಂಡಿಗೆ ಸುರಿಯಬೇಡಿ. ಅಲ್ಲಿಯವರೆಗೆ ಅದನ್ನು ಅಲ್ಲಿಗೇ ಸುರಿಯುತ್ತಿದ್ದರು.

ಜುಲೈಯಲ್ಲಿ ಕರಾರು ಮುಂದುವರಿಯಿತು. ಸಹಿ ಹಾಕುವಾಗ ಲಿಯಾವ್ ಒಂದೇ ಮಾತು ಹೇಳಿದರು: “ಆ ಹಲಗೆ ನನ್ನ ಕಣ್ಣಿಗೆ ಬಿದ್ದಿಲ್ಲ ಅಂದ್ಕೊಳ್ಳಿ.” ಈಗ ದಿನಕ್ಕೆ ಎರಡು ಬಾರಿ ಅವರು ಅದರ ಮುಂದೆಯೇ ಹಾದು ಹೋಗುತ್ತಾರೆ.

ಪವಾಡವೇನೂ ನಡೆದಿಲ್ಲ. ನೂರ ಅರವತ್ತೆಂಟರಲ್ಲಿ ಹಲಗೆಯ ಬಳಿ ನಿಲ್ಲುವವರು ಮೂವತ್ತು, ಹೆಚ್ಚೆಂದರೆ ನಲವತ್ತು. ಉಳಿದವರು ಸ್ಪ್ಯಾನರ್ ಇಸಿದುಕೊಂಡು ಹೋಗುತ್ತಾರೆ, ವೇಯ್ ಅವರನ್ನು ತಡೆಯುವುದಿಲ್ಲ. ಇಂಗ್ಲಿಷ್ ಪರೀಕ್ಷೆಯಲ್ಲಿ ಪಾಸಾಗುವವರ ಸಂಖ್ಯೆ ಹೇಳಿಕೊಳ್ಳುವಷ್ಟು ಏರಿಲ್ಲ ಎಂದು ಸು ವೆನ್ ಅಂಕಿ ತೋರಿಸಿ ಹೇಳುತ್ತಾರೆ. ಬದಲಾದದ್ದು ಬೇರೆ ಏನೋ. ಲೈಬ್ರರಿಯ ತಾಂತ್ರಿಕ ನಿಘಂಟಿನ ರಟ್ಟು ಕಿತ್ತುಹೋಗಿ ಎರಡು ಬಾರಿ ಅಂಟಿಸಿದ್ದಾರೆ. ಪಾನ್ ಯೂಲಾನ್ ಈಗ ಗೇರ್ ತಯಾರಿಸುವ ಕಾರ್ಖಾನೆಯಲ್ಲಿ ಹದಿನಾಲ್ಕು ಜನರ ತಂಡದ ಮೇಲ್ವಿಚಾರಕಿ. ಹೊಸ ಮೆಷೀನುಗಳ ಕೈಪಿಡಿಯನ್ನು ಬೇರೆಯವರು ಬಂದು ಓದಿಹೇಳಲಿ ಎಂದು ಅವಳು ಕಾಯುವುದಿಲ್ಲ.

ಎಂಟಕ್ಕೆ ಬೆಲ್ ಹೊಡೆಯುತ್ತದೆ. ಲೇತುಗಳ ಸದ್ದು ಏಳುತ್ತದೆ, ಕಿಟಕಿಯ ಮುಂದೆ ಜನ ಕರಗುತ್ತಾರೆ. ವೇಯ್ ಡಬ್ಬಿಯಿಂದ ಅಂಟಕ್ಕಿ ಅನ್ನ ತೆಗೆದು ನಿಂತೇ ತಿನ್ನುತ್ತಾರೆ. ನಿವೃತ್ತಿಗೆ ಇನ್ನು ಮೂರು ವರ್ಷ. ಆಮೇಲೆ ಏನು ಮಾಡುತ್ತೀರಿ ಎಂದು ಕೇಳಿದರೆ ಮೊದಲು “ಮಲಗ್ತೀನಿ” ಎನ್ನುತ್ತಾರೆ. ಡಬ್ಬಿ ಮುಚ್ಚಿದ ಮೇಲೆ, ತಾವಾಗಿಯೇ ಮತ್ತೆ ಆ ಮಾತಿಗೆ ಬರುತ್ತಾರೆ.

“ಸು ಟೀಚರ್ ಕ್ಲಾಸು ಬೆಳಗ್ಗೆ ಹತ್ತಕ್ಕೆ. ಬನ್ನಿ ಅಂತ ಅವರು ಕರೀತಾನೇ ಇರ್ತಾರೆ. ಆ ಹೊತ್ತಿಗೆ ಸ್ಟೋರ್ ಬಿಟ್ಟು ಹೋಗೋಕಾಗಲ್ಲ. ರಿಟೈರ್ ಆದ್ಮೇಲೆ ಒಂದು ಟರ್ಮ್ ಹಿಂದಿನ ಬೆಂಚಲ್ಲಿ ಕೂರ್ತೀನಿ. ಪರೀಕ್ಷೆ ಬೇಡ, ಸರ್ಟಿಫಿಕೇಟೂ ಬೇಡ. ಟೀಚರ್ ಪ್ರಶ್ನೆ ಕೇಳ್ದಾಗ ಒಂದೇ ಒಂದು ಸಲ ಎದ್ದು ನಿಂತು ಉತ್ತರ ಹೇಳ್ಬೇಕು ಅಂತ ಆಸೆ. ತಪ್ಪಾದ್ರೂ ಪರ್ವಾಗಿಲ್ಲ.”